ಕರಿಕೋಟು ಕಳಚಿಟ್ಟು ಓದಲು ಕೂತಾಗ

ಕ್ರೈಸ್ತ ವಕೀಲರ ಆನ್‌ಲೈನ್ ಪುಸ್ತಕ ಕೂಟದ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹುಬ್ಬಳ್ಳಿ, ಧಾರವಾಡ, ಕಾರವಾರದಲ್ಲಿ ವಕೀಲಿ ಮಾಡುವ ನಾವು ಕೆಲವು ಕ್ರೈಸ್ತರು ಕಳೆದ ವರ್ಷ ಆನ್‌ಲೈನ್ ಪುಸ್ತಕ ಕೂಟ ಶುರು ಮಾಡಿದೆವು. ವಾಟ್ಸ್‌ಆ್ಯಪ್ ಗುಂಪಿನಲ್ಲಿ 60 ಜನ ಇದ್ದರು. ಬುಧವಾರ ರಾತ್ರಿ 8ಕ್ಕೆ ಸಭೆ, 400 ಪುಟದ ಪುಸ್ತಕ. ಮೂರೇ ತಿಂಗಳಿಗೆ ನಿಂತುಹೋಯಿತು. ಮತ್ತೆ ಹೇಗೆ ಶುರು ಮಾಡುವುದು?
— ಒಬ್ಬ ವಕೀಲೆ, ಹುಬ್ಬಳ್ಳಿ

ಉತ್ತರ: ಕೂಟ ಯಾಕೆ ನಿಂತಿತು ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ವಾರದ ದಿನ ಸಂಜೆಯಾದರೆ ವಕೀಲರ ಕಣ್ಣು ಮರುದಿನದ ಕಾಸ್ ಲಿಸ್ಟ್ (ವಿಚಾರಣೆಗೆ ಬರುವ ಕೇಸುಗಳ ಪಟ್ಟಿ) ಮೇಲೆ. ಆಫೀಸಿನಲ್ಲಿ ಕಕ್ಷಿದಾರರು ಕಾಯುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಸಭೆ ಇಟ್ಟರೆ ಮೊದಲ ಸಲ ಹತ್ತು ಮಂದಿ ಬರುತ್ತಾರೆ, ಎರಡನೇ ಸಲ ಐದು, ಮೂರನೇ ಸಲ ‘ಇವತ್ತು ಆಗುತ್ತಿಲ್ಲ, ಕ್ಷಮಿಸಿ’ ಎಂಬ ಸಂದೇಶಗಳು ಮಾತ್ರ. ಭಾನುವಾರ ಬೆಳಿಗ್ಗೆ ಪೂಜೆ ಅಥವಾ ಆರಾಧನೆ, ಸಂಜೆ ಸೋಮವಾರದ ತಯಾರಿ. ಹಾಗಾಗಿ ತಿಂಗಳಿಗೊಮ್ಮೆ, ಎರಡನೇ ಶನಿವಾರ ರಾತ್ರಿ 7:30 ಎಂದು ಗೊತ್ತುಮಾಡಿ. ಅವತ್ತು ಕೋರ್ಟಿಗೆ ರಜೆ, ಆ ಹೊತ್ತಿಗೆ ಶನಿವಾರ ಸಂಜೆಯ ಪೂಜೆಯೂ ಮುಗಿದಿರುತ್ತದೆ. ಸೂರ್ಯಾಸ್ತದವರೆಗೆ ಸಬ್ಬತ್ತು ಆಚರಿಸುವ ಅಡ್ವೆಂಟಿಸ್ಟರೂ ಬರಬಹುದು. ಪವಿತ್ರ ವಾರ ಅಡ್ಡ ಬಂದರೆ ಆ ತಿಂಗಳ ಸಭೆಯನ್ನು ಈಸ್ಟರ್ ಆದ ಮೇಲಕ್ಕೆ ಹಾಕಿ.

ಸಂಖ್ಯೆ 12ರಿಂದ 15 ಸಾಕು. ಅದರಲ್ಲಿ ಪ್ರತಿ ಸಲ ಏಳೆಂಟು ಮಂದಿ ಬರುತ್ತಾರೆಂದು ಲೆಕ್ಕ ಹಾಕಿ. ಎಲ್ಲರಿಗೂ ಒಂದು ಸುತ್ತು ಮಾತು ಸಿಗುವುದು ಅಷ್ಟು ಜನ ಇದ್ದಾಗಲೇ. 60 ಜನರ ಗುಂಪಿನಲ್ಲಿ ‘ಉಳಿದವರು ಓದಿರುತ್ತಾರೆ ಬಿಡು’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಕೊನೆಗೆ ಯಾರೂ ಓದಿರುವುದಿಲ್ಲ. ತಿಂಗಳಿಗೆ 40ರಿಂದ 80 ಪುಟ ಮೀರಬೇಡಿ. ದಿನವಿಡೀ ಕೇಸ್ ಫೈಲು ಓದಿದ ಕಣ್ಣಿಗೆ ಅದೇ ಹೆಚ್ಚು.

ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಮಂದಿಯ ಸಭೆ 60 ನಿಮಿಷಕ್ಕೆ ಮುಗಿಯುತ್ತದೆ, ಝೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ. ಮೀಟ್ ಸಾಕು, ದುಡ್ಡು ಕೊಟ್ಟು ಸಮಯ ಹಿಗ್ಗಿಸುವುದು ಬೇಡ. ಆ ಮಿತಿಯಿಂದ ಕೂಟಕ್ಕೆ ಒಳ್ಳೆಯದೇ ಆಗುತ್ತದೆ. ಪ್ರಾರ್ಥನೆಗೆ 2 ನಿಮಿಷ, ಓದಿದ್ದರ ಸಾರ ಹೇಳಲು 8, ಚರ್ಚೆಗೆ 40, ಮುಂದಿನ ಓದು ಗೊತ್ತುಮಾಡಲು 5. ಪ್ರಾರ್ಥನೆಯ ಸರದಿ ಪ್ರತಿ ತಿಂಗಳೂ ಬೇರೆ ಪಂಗಡದವರಿಗೆ ಹೋಗಲಿ, ಆದರೆ 2 ನಿಮಿಷದ ಗೆರೆ ಎಲ್ಲರಿಗೂ ಒಂದೇ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಹಾಕುವ ಅವಕಾಶ ಅಡ್ಮಿನ್‌ಗಳಿಗೆ ಮಾತ್ರ ಎಂದು ಸೆಟ್ಟಿಂಗ್ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಶುಭೋದಯದ ವಚನಗಳು, ರಾಜಕೀಯದ ವಿಡಿಯೊಗಳ ನಡುವೆ ಸಭೆಯ ಲಿಂಕೇ ಕಳೆದುಹೋಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಅರ್ಧ ಕಥೋಲಿಕರು, ಅರ್ಧ ಸಿಎಸ್‌ಐ (ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಭೆ), ಇಬ್ಬರು ಪೆಂತೆಕೋಸ್ತಿನವರು. ಬೈಬಲ್ ಅಧ್ಯಯನ ಚರ್ಚಿನಲ್ಲೇ ಇದೆ, ಕಾನೂನು ಉಪನ್ಯಾಸ ವಕೀಲರ ಸಂಘದಲ್ಲಿದೆ. ಎರಡೂ ಅಲ್ಲದ್ದು ಏನು ಓದಬಹುದು?
— ವಕೀಲರೊಬ್ಬರು, ಮಂಗಳೂರು

ಉತ್ತರ: ಎರಡೂ ಅಲ್ಲದ್ದನ್ನು ಹುಡುಕುವ ಬದಲು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಹೀಗೆ ಓದುವ ಅನುಕೂಲ ನಿಮಗಿರುವಷ್ಟು ಬೇರೆ ಯಾವ ಓದುಗರಿಗೂ ಇಲ್ಲ.

ಮೊದಲ ತಿಂಗಳಿಗೆ ನಮ್ಮ ಸಲಹೆ, ತಂದೆಯ ಭೂಮಿಯಲ್ಲಿ ಪಾಲು ಕೇಳಿದ ಚಲ್ಪಹಾದನ ಐವರು ಹೆಣ್ಣುಮಕ್ಕಳ ಪ್ರಕರಣ. ಹಳೆಯ ಸತ್ಯವೇದದಲ್ಲಿ ಇದು ಅರಣ್ಯಕಾಂಡದ 27 ಮತ್ತು 36ನೇ ಅಧ್ಯಾಯ. ಕಥೋಲಿಕರ ಕೈಯಲ್ಲಿರುವ ಅನುವಾದದಲ್ಲಿ ಅದೇ ಪುಸ್ತಕದ ಹೆಸರು ಸಂಖ್ಯಾಕಾಂಡ. ಸೂಚನೆ ಕಳಿಸುವಾಗ ಎರಡೂ ಹೆಸರು ಬರೆಯಿರಿ, ಇಲ್ಲದಿದ್ದರೆ ಮೊದಲ ಹತ್ತು ನಿಮಿಷ ಪುಟ ಹುಡುಕುವುದರಲ್ಲೇ ಕಳೆಯುತ್ತದೆ. ಜೊತೆಗೆ 1986ರ ಮೇರಿ ರಾಯ್ ತೀರ್ಪು.

ಹೆಣ್ಣುಮಕ್ಕಳು ಗುಡಾರದ ಬಾಗಿಲಲ್ಲಿ ಮೋಶೆ, ಯಾಜಕ, ಮುಖಂಡರು, ಇಡೀ ಸಮುದಾಯದ ಮುಂದೆ ನಿಂತು ಕೇಳುತ್ತಾರೆ: ಗಂಡುಮಕ್ಕಳಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ತಂದೆಯ ಹೆಸರು ಕುಲದಿಂದ ಯಾಕೆ ಅಳಿಯಬೇಕು? ಅದಕ್ಕೂ ಮೊದಲು ಅವರು ಆಡುವ ಒಂದು ಮಾತನ್ನು ಸಾಮಾನ್ಯ ಓದುಗ ದಾಟಿ ಹೋಗುತ್ತಾನೆ, ವಕೀಲರು ಅಲ್ಲೇ ನಿಲ್ಲಬೇಕು. ‘ನಮ್ಮ ತಂದೆ ಕೋರಹನ ಗುಂಪಿನಲ್ಲಿರಲಿಲ್ಲ’ ಎನ್ನುತ್ತಾರೆ. ಅಂದರೆ, ದಂಗೆಯೆದ್ದವನ ಮಕ್ಕಳಿಗೆ ಪಾಲಿಲ್ಲ ಎಂಬ ತಕರಾರು ಎದುರಿನಿಂದ ಬರುವ ಮುನ್ನವೇ ಅದಕ್ಕೆ ಉತ್ತರ ಕೊಟ್ಟಾಗಿದೆ. ಮೋಶೆ ತಾನೇ ತೀರ್ಪು ಕೊಡುವುದಿಲ್ಲ, ಮೇಲಕ್ಕೆ, ದೇವರ ಬಳಿಗೆ ಒಯ್ಯುತ್ತಾನೆ. ‘ಅವರು ಕೇಳಿದ್ದು ನ್ಯಾಯ’ ಎಂದು ಉತ್ತರ ಬರುತ್ತದೆ. 36ನೇ ಅಧ್ಯಾಯದಲ್ಲಿ ಕುಲದ ಹಿರಿಯರು ಬಂದು, ಇವರು ಬೇರೆ ಕುಲಕ್ಕೆ ಮದುವೆಯಾದರೆ ಭೂಮಿ ಕೈಬಿಡುತ್ತದೆ ಎಂದು ತಗಾದೆ ತೆಗೆಯುತ್ತಾರೆ. ಆಗ ಆಜ್ಞೆಗೊಂದು ತಿದ್ದುಪಡಿ: ಮನಸ್ಸಿಗೆ ಬಂದವರನ್ನು ವರಿಸಲಿ, ಆದರೆ ಸ್ವಂತ ಕುಲದೊಳಗೆ.

ಇನ್ನು ಮೇರಿ ರಾಯ್, ತಂದೆಯ ಆಸ್ತಿಯಲ್ಲಿ ಸಮಪಾಲು ಕೇಳಿ ಸುಪ್ರೀಂ ಕೋರ್ಟಿಗೆ ಹೋದ ಕೇರಳದ ಕ್ರೈಸ್ತ ಮಹಿಳೆ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯಂತೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆದರೆ ಸಮಾನತೆಯ 14ನೇ ವಿಧಿಯ ಪ್ರಶ್ನೆಗೆ ಕೈಹಾಕಲಿಲ್ಲ. ಹಳೆಯ ಸಂಸ್ಥಾನಗಳಿಗೂ ಕೇಂದ್ರದ ಕಾನೂನುಗಳನ್ನು ವಿಸ್ತರಿಸಿದ 1951ರ ಪಾರ್ಟ್ ಬಿ ರಾಜ್ಯಗಳ (ಕಾನೂನುಗಳು) ಕಾಯ್ದೆ ಬಂದಾಗಲೇ ತಿರುವಾಂಕೂರು ಕಾಯ್ದೆ ಬಿದ್ದುಹೋಯಿತು, ಅಂದಿನಿಂದ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅನ್ವಯ ಎಂದಿತು. ಅದರಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಚರ್ಚೆಗೆ ಒಂದೇ ಪ್ರಶ್ನೆ ಸಾಕು: ತತ್ವದ ಮೇಲೆ ಗೆಲ್ಲಬಹುದಾಗಿದ್ದದ್ದನ್ನು ಶಾಸನದ ಒಂದು ಗೆರೆಯ ಮೇಲೆ ಗೆದ್ದಾಗ ಹೆಣ್ಣುಮಕ್ಕಳಿಗೆ ಸಿಕ್ಕಿದ್ದೇನು, ತಪ್ಪಿದ್ದೇನು? 40 ನಿಮಿಷ ಸಾಲುವುದಿಲ್ಲ.

ಎರಡನೇ ತಿಂಗಳಿಗೆ ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ. ಅಲಬಾಮಾದ ಎಂಟು ಮಂದಿ ಧರ್ಮಗುರುಗಳು ‘ಬೀದಿಯಲ್ಲಿ ಬೇಡ, ಕೋರ್ಟಿನಲ್ಲಿ ನೋಡಿಕೊಳ್ಳಿ’ ಎಂದದ್ದಕ್ಕೆ ಉತ್ತರ ಅದು. ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂಬ ಸಂತ ಅಗಸ್ಟೀನರ ಮಾತು ಅದರಲ್ಲಿ ಬರುತ್ತದೆ. ಕಾನೂನನ್ನೇ ನಂಬಿ ಬದುಕುವವರಿಗೆ ಅದು ಮುಳ್ಳಿನಂತೆ ಚುಚ್ಚುತ್ತದೆ, ಚುಚ್ಚಬೇಕು. ಮೂರನೇ ತಿಂಗಳು ದಾನಿಯೇಲನ 3ನೇ ಅಧ್ಯಾಯದ ಜೊತೆ 1986ರ ಬಿಜೋ ಇಮ್ಯಾನುಯೆಲ್ ತೀರ್ಪು ಇಡಿ. ಒಂದರಲ್ಲಿ ಅರಸನ ಪ್ರತಿಮೆಗೆ ಅಡ್ಡಬೀಳದ ಮೂವರು ಯುವಕರು. ಇನ್ನೊಂದರಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡದೆ ಶಾಲೆಯಿಂದ ಹೊರಬಿದ್ದ ಕೇರಳದ ಮೂವರು ಮಕ್ಕಳು. ನಾಲ್ಕನೆಯದು 1948ರ ಡಿಸೆಂಬರ್ 6ರ ಸಂವಿಧಾನ ಸಭೆಯ ಚರ್ಚೆ. ಧರ್ಮವನ್ನು ‘ಪ್ರಚಾರ’ ಮಾಡುವ ಹಕ್ಕು ಇಂದಿನ 25ನೇ ವಿಧಿಯಲ್ಲಿ ಉಳಿದದ್ದು ಹೇಗೆ ಎಂದು ಅಲ್ಲಿ ತಿಳಿಯುತ್ತದೆ. ನಿಮ್ಮೂರಿನವರೇ ಆದ ಜೆಸ್ವಿತ್ ಪಾದ್ರಿ ಜೆರೋಮ್ ಡಿಸೋಜ ಆ ಸಭೆಯ ಸದಸ್ಯರಾಗಿದ್ದರು ಎಂಬುದನ್ನೂ ನೆನಪಿಡಿ.

ಬೇಸಿಗೆ ರಜೆಗೆ ಮಾತ್ರ ದೊಡ್ಡ ಪುಸ್ತಕ. ಟಾಲ್‌ಸ್ಟಾಯ್ 1899ರಲ್ಲಿ ಪ್ರಕಟಿಸಿದ ‘ಪುನರುತ್ಥಾನ’ ಕಾದಂಬರಿಯ ಮೊದಲ ಭಾಗವನ್ನಾದರೂ ಓದಿ. ಜ್ಯೂರಿಗಳು ‘ಕೊಲ್ಲುವ ಉದ್ದೇಶವಿರಲಿಲ್ಲ’ ಎಂದು ಬರೆಯಲು ಮರೆತ ಒಂದು ಸಾಲಿನಿಂದ ಹೆಣ್ಣೊಬ್ಬಳು ಸೈಬೀರಿಯಾಕ್ಕೆ ಹೋಗುತ್ತಾಳೆ.

ಕಥೋಲಿಕ ಬೈಬಲ್‌ನಲ್ಲಿ ದಾನಿಯೇಲನ 13ನೇ ಅಧ್ಯಾಯವಾಗಿರುವ, ವ್ಯಭಿಚಾರದ ಸುಳ್ಳು ಆರೋಪ ಹೊತ್ತ ಸುಸನ್ನಳ ಕಥೆ ಪಾಟೀಸವಾಲಿನ ಬಹಳ ಹಳೆಯ ಪಾಠ. ಇಬ್ಬರು ಸುಳ್ಳುಸಾಕ್ಷಿಗಳನ್ನು ದೂರದೂರ ನಿಲ್ಲಿಸಿ ‘ಯಾವ ಮರದ ಕೆಳಗೆ ಕಂಡೆ?’ ಎಂದು ಕೇಳಿದಾಗ ಇಬ್ಬರೂ ಬೇರೆ ಬೇರೆ ಮರ ಹೇಳುತ್ತಾರೆ. ಆದರೆ ಪ್ರಾಟೆಸ್ಟಂಟರ ಬೈಬಲ್‌ನಲ್ಲಿ ಆ ಅಧ್ಯಾಯವಿಲ್ಲ. ಮೊದಲ ಆರು ತಿಂಗಳು ಅದನ್ನು ಮುಟ್ಟಬೇಡಿ. ಪರಸ್ಪರ ವಿಶ್ವಾಸ ಕುದುರುವ ಮೊದಲು ತೆಗೆದರೆ ಚರ್ಚೆ ಸುಸನ್ನಳನ್ನು ಬಿಟ್ಟು ಯಾರ ಬೈಬಲ್ ಪೂರ್ಣ ಎಂಬಲ್ಲಿಗೆ ಹೋಗುತ್ತದೆ, ಮರಳಿ ಬರುವುದಿಲ್ಲ.

ಪ್ರಶ್ನೆ: ಗುಂಪಿನಲ್ಲಿ ಪುಸ್ತಕದ ಪಿಡಿಎಫ್ ಹಂಚಿದರೆ ತಪ್ಪೇ? ಎಲ್ಲರೂ ಕೊಳ್ಳಲಾರರು.
— ಕಿರಿಯ ವಕೀಲ, ಬೀದರ್

ಉತ್ತರ: ಹಕ್ಕುಸ್ವಾಮ್ಯ ಇರುವ ಇಡೀ ಪುಸ್ತಕವನ್ನು ಹಂಚಿದರೆ ತಪ್ಪು. ಕಾನೂನು ಬಲ್ಲವರ ಗುಂಪೇ ಹಾಗೆ ಮಾಡಬಾರದು. 1957ರ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ಭಾರತದಲ್ಲಿ ವಕೀಲಿ ಮಾಡಿದ ಮೊದಲ ಮಹಿಳೆ, ಕ್ರೈಸ್ತ ಮನೆತನದ ಕಾರ್ನೇಲಿಯಾ ಸೊರಾಬ್ಜಿ ತೀರಿಕೊಂಡದ್ದು 1954ರಲ್ಲಿ. ಹಾಗಾಗಿ 1934ರಲ್ಲಿ ಬಂದ ಅವರ ಆತ್ಮಕಥೆ ‘ಇಂಡಿಯಾ ಕಾಲಿಂಗ್’ 2015ರಿಂದ ಇಲ್ಲಿ ಮುಕ್ತ. ಅದನ್ನು ಧಾರಾಳವಾಗಿ ಹಂಚಿ, ಖಂಡಿತ ಓದಿ. ಆದರೆ ಈಚಿನ ಮುದ್ರಣಗಳ ಮುನ್ನುಡಿ, ಟಿಪ್ಪಣಿಗಳಿಗೆ ಬೇರೆ ಹಕ್ಕು ಇರುತ್ತದೆ. ಅನುವಾದಕ್ಕೂ ಹಾಗೆಯೇ, ಮೂಲ ಮುಕ್ತವಾದರೂ ಅನುವಾದಕರ ಹಕ್ಕು ಬೇರೆ. ಕಿಂಗ್ ತೀರಿಕೊಂಡದ್ದು 1968ರಲ್ಲಿ, ಅವರ ಪತ್ರಕ್ಕೆ ಇನ್ನೂ ಹಕ್ಕಿದೆ. ಅದರ ಲಿಂಕ್ ಕಳಿಸಿ, ಪ್ರತಿ ಮಾಡಬೇಡಿ. ತೀರ್ಪುಗಳನ್ನು ಕೋರ್ಟಿನ ಜಾಲತಾಣದಿಂದ ಇಳಿಸಿಕೊಂಡು ಹಂಚಲು ಅಡ್ಡಿಯಿಲ್ಲ. ಕೊಳ್ಳಲೇಬೇಕಾದ ಪುಸ್ತಕವಿದ್ದರೆ ನಾಲ್ಕು ಮಂದಿ ಸೇರಿ ಎರಡು ಪ್ರತಿ ತರಿಸಿ, ಓದಿದ ಮೇಲೆ ಕೈಬದಲಿಸಿಕೊಳ್ಳಿ.

ಪ್ರಶ್ನೆ: ಓದಿನ ಚರ್ಚೆಯಲ್ಲಿ ನಮ್ಮ ಕೇಸುಗಳ ಮಾತು ತಾನಾಗಿ ಬರುತ್ತದೆ. ಒಬ್ಬ ನ್ಯಾಯಾಧೀಶರೂ ಸೇರುತ್ತೇನೆ ಅಂದಿದ್ದಾರೆ. ಸೇರಿಸಿಕೊಳ್ಳಬಹುದೇ?
— ವಕೀಲರು, ಶಿವಮೊಗ್ಗ

ಉತ್ತರ: ಕೇಸುಗಳ ಮಾತು ಬೇಡವೇ ಬೇಡ. ಕಕ್ಷಿದಾರರು ನಂಬಿ ಹೇಳಿದ್ದನ್ನು ಹೊರಗೆಡಹಬಾರದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಹೇಳುತ್ತದೆ. ಕೇಸು ಮುಗಿದ ಮೇಲೂ ಆ ಹೊಣೆ ಮುಗಿಯುವುದಿಲ್ಲ. ಹೆಸರು ಬಿಟ್ಟು ಹೇಳಿದರಾಯಿತು ಎಂದುಕೊಳ್ಳುತ್ತಾರೆ. ‘ನಮ್ಮ ತಾಲ್ಲೂಕಿನ ಒಂದು ಚರ್ಚ್ ಆಸ್ತಿ ವ್ಯಾಜ್ಯ’ ಎಂದರೆ ಸಾಕು, ಅರ್ಧ ಗುಂಪಿಗೆ ಯಾರೆಂದು ಗೊತ್ತಾಗಿರುತ್ತದೆ. ಕ್ರೈಸ್ತ ಸಮುದಾಯ ಅಷ್ಟು ಚಿಕ್ಕದು. ಎದುರು ಪಕ್ಷದ ವಕೀಲರು ಅದೇ ಪರದೆಯಲ್ಲಿ ಕೂತಿರಲೂಬಹುದು. ಸಭೆಯನ್ನು ರೆಕಾರ್ಡ್ ಮಾಡಬೇಡಿ.

ಸೇವೆಯಲ್ಲಿರುವ ನ್ಯಾಯಾಧೀಶರನ್ನು ಸದಸ್ಯರಾಗಿ ಸೇರಿಸಿಕೊಳ್ಳದಿರುವುದೇ ಕ್ಷೇಮ. ವಿಚಾರಣೆಯಲ್ಲಿರುವ ಪ್ರಕರಣದ ಬಗ್ಗೆ ನ್ಯಾಯಾಧೀಶರೊಡನೆ ಖಾಸಗಿಯಾಗಿ ಮಾತಾಡಬಾರದು ಎಂಬುದು ಬಾರ್ ಕೌನ್ಸಿಲ್‌ನ ನಿಯಮ. ನೀವು ಮಾತಾಡದಿದ್ದರೂ, ಅವರೆದುರು ಸೋತವರಿಗೆ ನೀವಿಬ್ಬರೂ ಒಂದೇ ಗುಂಪಿನಲ್ಲಿದ್ದೀರೆಂದು ತಿಳಿದರೆ ಸಂಶಯ ಹುಟ್ಟುತ್ತದೆ. ಅದರ ಭಾರ ಅವರ ಮೇಲೆ ಬೀಳುತ್ತದೆ. ನಿವೃತ್ತರಾದ ಮೇಲೆ ಸಂತೋಷದಿಂದ ಕರೆಯಿರಿ. ಇನ್ನೊಂದು ಮಾತು, ಕೂಟದ ಪೋಸ್ಟರಿನಲ್ಲಿ ಸದಸ್ಯರ ಹೆಸರಿನ ಕೆಳಗೆ ‘ಸಿವಿಲ್, ಕ್ರಿಮಿನಲ್, ಕುಟುಂಬ’ ಎಂದು ಹಾಕಬೇಡಿ. ಅದು ಕೆಲಸ ಕೇಳಿದಂತಾಗುತ್ತದೆ, ಬಾರ್ ಕೌನ್ಸಿಲ್ ನಿಯಮ 36 ಅದಕ್ಕೆ ಅವಕಾಶ ಕೊಡುವುದಿಲ್ಲ.

ಪ್ರಶ್ನೆ: ನಮ್ಮ ಕೂಟದಲ್ಲಿ ಇಬ್ಬರು ಸೀನಿಯರ್‌ಗಳು ಮಾತಾಡುತ್ತಾರೆ, ಉಳಿದವರು ‘ಹೌದು ಸರ್’ ಅನ್ನುತ್ತೇವೆ. ನನ್ನ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ.
— ಜೂನಿಯರ್, ಕಲಬುರಗಿ

ಉತ್ತರ: ಕೋರ್ಟಿನ ಕ್ರಮವನ್ನು ತಲೆಕೆಳಗು ಮಾಡಿ. ಸನ್ನದು (ವಕೀಲಿ ಪರವಾನಗಿ) ಪಡೆದ ವರ್ಷದ ಪ್ರಕಾರ, ತೀರಾ ಈಚಿನವರು ಮೊದಲು ಮಾತಾಡಲಿ, ತಲಾ 3 ನಿಮಿಷ. ಸೀನಿಯರ್ ಸರದಿ ಕೊನೆಗೆ. ಅವರು ಅಭಿಪ್ರಾಯ ಹೇಳಿದ ಮೇಲೆ ಅವರದೇ ಆಫೀಸಿನ ಜೂನಿಯರ್ ಎದುರಾಡುತ್ತಾರೆಂದು ನಿರೀಕ್ಷಿಸಬಾರದು. ಪ್ರಶ್ನೆಗಳು ಮೂರೇ ಇರಲಿ, 5 ದಿನ ಮೊದಲೇ ಎಲ್ಲರಿಗೂ ತಲುಪಲಿ. ಬರೆದಿಟ್ಟುಕೊಂಡು ಬಂದವರಿಗೆ ಧೈರ್ಯ ಇರುತ್ತದೆ. ಸಭೆ ನಡೆಸುವವರು ಮೂರು ತಿಂಗಳಿಗೊಮ್ಮೆ ಬದಲಾಗಲಿ, ಎರಡನೇ ಸರದಿ ನೀವೇ ಕೇಳಿ ಪಡೆಯಿರಿ. ಓದು ಯಾವ ಭಾಷೆಯಲ್ಲಿದ್ದರೂ ಮಾತು ಕನ್ನಡದಲ್ಲಿರಲಿ. ನಿಮ್ಮ ತಾಲ್ಲೂಕು ಕೋರ್ಟಿನ ಸಾಕ್ಷಿ ವಿಚಾರಣೆ ಕನ್ನಡದಲ್ಲೇ ನಡೆಯುತ್ತದಲ್ಲ, ಪುಸ್ತಕದ ಮಾತಿಗೆ ಯಾಕೆ ಹಿಂಜರಿಕೆ?

ಪ್ರಶ್ನೆ: ಪುಸ್ತಕ ಕೊಳ್ಳಲು ದುಬೈ, ಲಂಡನ್‌ನ ಗೆಳೆಯರು ಹಣ ಕಳಿಸುತ್ತಾರಂತೆ. ಕೂಟವನ್ನು ನೋಂದಾಯಿಸಬೇಕೇ?
— ಉಡುಪಿ

ಉತ್ತರ: ಹದಿನೈದು ಮಂದಿ ಓದುವುದಕ್ಕೆ ನೋಂದಣಿ ಬೇಕಿಲ್ಲ. ಬ್ಯಾಂಕ್ ಖಾತೆ, ಗ್ರಂಥಾಲಯ ಎಂದು ಬೆಳೆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಏಳು ಮಂದಿ ಸೇರಿ ಮಾಡಿಸಬಹುದು. ಹೊರದೇಶದ ಹಣದ ವಿಷಯದಲ್ಲಿ ನೋಡಬೇಕಾದ್ದು ಕಳಿಸುವವರ ಊರನ್ನಲ್ಲ, ಪಾಸ್‌ಪೋರ್ಟನ್ನು. ದುಬೈನಲ್ಲಿ ಭಾರತದ ಪಾಸ್‌ಪೋರ್ಟಿನ ಮೇಲೆ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಬ್ರಿಟಿಷ್ ಪೌರತ್ವ ಪಡೆದ ಲಂಡನ್ನಿನ ಗೆಳೆಯರದು, ಅವರು ಉಡುಪಿಯಲ್ಲೇ ಹುಟ್ಟಿದ್ದರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಕೂಟಕ್ಕಾಗಿ ಅದನ್ನು ತೆಗೆದುಕೊಳ್ಳಬೇಡಿ. ಅವರು ಹಣದ ಬದಲು ಎರಡನೇ ಶನಿವಾರ ರಾತ್ರಿ ಸಭೆಗೇ ಬರಲಿ. ಆಗ ಲಂಡನ್ನಿನಲ್ಲಿ ಮಧ್ಯಾಹ್ನ.