ಫೋರ್ಡ್‌ನ 302 ವಿ8 ಎಂಜಿನ್‌ಗೆ ಟರ್ಬೊ ಹಾಕಿ 800 ಹಾರ್ಸ್‌ಪವರ್ ತೆಗೆಯಲು ಯಾವ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ಎರಕ) ಬೇಕು?

ಹಳೆಯ ಮಸ್ಟಾಂಗ್‌ನ ಕಂಪನಿ ಬ್ಲಾಕಂತೂ ಬೇಡ. ಸುಮಾರು 500 ಹಾರ್ಸ್‌ಪವರ್ ದಾಟಿದ ಮೇಲೆ ಅದು ಯಾವಾಗ ಬೇಕಾದರೂ ಸೀಳಬಹುದು. ಅದೂ ಎಂಥ ಸೀಳು! ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಿಂದ ಕ್ಯಾಮ್‌ಶಾಫ್ಟ್ ದಾಟಿ ಕ್ರ್ಯಾಂಕ್‌ಶಾಫ್ಟ್ ಕೂರುವ ಮೇನ್ ಬೇರಿಂಗ್‌ವರೆಗೆ, ಉದ್ದಕ್ಕೆ ಎರಡು ಹೋಳು. ತೂಕ ಕಡಿಮೆ ಇರಲಿ ಎಂದು ಫೋರ್ಡ್ ಇದನ್ನು ತೆಳು ಗೋಡೆಯ ಎರಕದಲ್ಲಿ ಮಾಡಿತ್ತು. ಆ ಬೇರಿಂಗ್‌ಗಳನ್ನು ಕೆಳಗಿನಿಂದ ಹಿಡಿಯುವ ಮೇನ್ ಕ್ಯಾಪ್‌ಗೆ ಎರಡೇ ಬೋಲ್ಟ್. ಕೆಲವರು ಕ್ಯಾಪ್‌ಗಳನ್ನು ಬಿಗಿಯಲು ಗರ್ಡಲ್ (ಅವನ್ನೆಲ್ಲ ಒಟ್ಟಿಗೆ ಕಟ್ಟುವ ಲೋಹದ ಚೌಕಟ್ಟು) ಹಾಕುತ್ತಾರೆ. ಅದರಿಂದ ಕ್ಯಾಪ್ ಅಲುಗಾಟ ತಗ್ಗಬಹುದು, ಎರಕ ದಪ್ಪ ಆಗಲ್ಲ ಅಲ್ವಾ? ಫೋರ್ಜ್ಡ್ ಪಿಸ್ಟನ್, ರಾಡ್‌ಗಳ ಕಥೆಯೂ ಅಷ್ಟೇ, ಅವು ಗಟ್ಟಿ ಇದ್ದರೂ ಬ್ಲಾಕ್ ಗಟ್ಟಿ ಆಗಲ್ಲ.

ನನ್ನ ಆಯ್ಕೆ ಡಾರ್ಟ್‌ನಂಥ ರೇಸಿಂಗ್ ಬ್ಲಾಕ್ ಕಂಪನಿಯವರು ಮಾಡುವ ಎರಕಹೊಯ್ದ ಕಬ್ಬಿಣದ ಬ್ಲಾಕ್. ನಾಲ್ಕು ಬೋಲ್ಟ್‌ನ ಸ್ಟೀಲ್ ಕ್ಯಾಪ್, ದಪ್ಪ ಸಿಲಿಂಡರ್ ಗೋಡೆ, ದಪ್ಪ ಡೆಕ್ (ಸಿಲಿಂಡರ್ ಹೆಡ್ ಕೂರುವ ಮೇಲ್ಭಾಗ) ಇವೆಯೇ ನೋಡಿ. ಟರ್ಬೊಗೆ ಡೆಕ್ ತುಂಬಾ ಮುಖ್ಯ. ಅದು ಬಾಗಿದರೆ ಹೆಡ್ ಗ್ಯಾಸ್ಕೆಟ್ ನಿಲ್ಲುವುದಿಲ್ಲ. ಅಲ್ಯುಮಿನಿಯಂ ಹಗುರ, ನಿಜ. ಆದರೆ ರಸ್ತೆ ಗಾಡಿಗೆ ಅಷ್ಟು ದುಡ್ಡು ಸುಮ್ನೆ ಯಾಕೆ?

ಬಜೆಟ್ ಇಲ್ಲವೇ? ಜಿಎಂ ಟ್ರಕ್‌ಗಳ 6.0 ಲೀಟರ್ ಕಬ್ಬಿಣದ ಎಲ್‌ಕ್ಯೂ4 ಎಂಜಿನ್ ಹುಡುಕಿ. ಫೋರ್ಡ್ ಅಭಿಮಾನಿಗಳು ಬೈಯಬಹುದು, ಇರಲಿ. ಅದರ ಬ್ಲಾಕ್ ಕ್ರ್ಯಾಂಕ್‌ನ ನಡುಗೆರೆಗಿಂತ ಕೆಳಕ್ಕೂ ಇಳಿದಿದೆ. ಪ್ರತಿ ಮೇನ್ ಕ್ಯಾಪ್‌ಗೆ ಆರು ಬೋಲ್ಟ್, ಅದರಲ್ಲಿ ಎರಡು ಪಕ್ಕದಿಂದ. ಕೊರತೆ ಎಂದರೆ ಪ್ರತಿ ಸಿಲಿಂಡರ್ ಸುತ್ತ ನಾಲ್ಕೇ ಹೆಡ್ ಬೋಲ್ಟ್. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಜಾಸ್ತಿಯಾದರೆ ಹೆಡ್ ಏಳಬಹುದು, ಹಾಗಾಗಿ ಬೋಲ್ಟ್ ಬದಲು ಒಳ್ಳೆಯ ಸ್ಟಡ್ ಹಾಕಿಸಿ. ಮೌಂಟ್, ವೈರಿಂಗ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಳೆಯ ಬ್ಲಾಕ್ ಕೊಳ್ಳುವುದಾದರೆ, ಬೋರ್ ಮಾಡಿಸುವ (ಸಿಲಿಂಡರ್ ಕೊರೆದು ಹಿಗ್ಗಿಸುವ) ಮೊದಲೇ ಸೋನಿಕ್ ಟೆಸ್ಟ್‌ನಲ್ಲಿ, ಅಂದರೆ ಶಬ್ದತರಂಗದ ಪರೀಕ್ಷೆಯಲ್ಲಿ, ಗೋಡೆಯ ದಪ್ಪ ಅಳೆಸಿ.