44ಕ್ಕೇ ಓದುವ ಕನ್ನಡಕ ಬಂತು, ದೇಹಕ್ಕೂ ಬೇಗ ಪ್ರಾಯವಾಗುತ್ತಿದೆಯೇ?

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನನಗಾದದ್ದು ಮಾತ್ರ ಉಲ್ಟಾ. 40 ದಾಟಿದ ಮೇಲೆ ಬಂದಿದ್ದ ಓದುವ ಕನ್ನಡಕ ಒಂದು ಮಳೆಗಾಲದಲ್ಲಿ ಬೇಡವೇ ಆಯಿತು. ಉದಯವಾಣಿಯ ಸಣ್ಣ ಅಕ್ಷರವೂ ಬರಿಗಣ್ಣಿಗೆ ಕಾಣುತ್ತಿತ್ತು. ಕಣ್ಣಿಗೆ ಪ್ರಾಯ ಕಮ್ಮಿಯಾಯಿತು ಎಂದು ಎಷ್ಟು ಖುಷಿ! ಆದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಬಸ್ಸಿನ ಬೋರ್ಡು ಮಸುಕು.

ಕನ್ನಡಕದ ಅಂಗಡಿಗೆ ಹೋದೆ. ಕಂಪ್ಯೂಟರ್‌ನಲ್ಲಿ ನೋಡಿ ದೂರಕ್ಕೆ ಮೈನಸ್ ನಂಬರ್ ಕೊಟ್ಟರು. ಸ್ವಲ್ಪ ಸಮಯದಲ್ಲೇ ಅದೂ ಹೊಂದಲಿಲ್ಲ, ಮತ್ತೆ ಹೊಸ ಗ್ಲಾಸು. ನಾನು ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಷ್ಟು ಪವರ್‌ನ ಗ್ಲಾಸು ಬೇಕು ಎಂದಷ್ಟೇ ಆ ಯಂತ್ರ ಅಳೆಯುತ್ತದೆ. ಯಾಕೆ ಬೇಕಾಯಿತು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ನಾನು ಅದನ್ನೇ ಕಣ್ಣಿನ ತಪಾಸಣೆ ಎಂದುಕೊಂಡೆ. ನಿಜವಾದ ಕಾರಣ ಶುಗರ್ ಎಂದು ನನಗೆ ಗೊತ್ತಾದದ್ದು ಆಮೇಲೆ. ರಕ್ತದಲ್ಲಿ ಸಕ್ಕರೆ ತುಂಬಾ ಏರಿದರೆ ಕಣ್ಣಿನೊಳಗಿನ ಲೆನ್ಸ್ ಬದಲಾಗಿ ನಂಬರ್ ಮೈನಸ್ ಕಡೆಗೆ ಜಾರುತ್ತದೆ. ಕನ್ನಡಕವಿಲ್ಲದೆ ಓದಲು ಆದದ್ದು ಅದಕ್ಕೇ! ಔಷಧ ಶುರುವಾಗಿ ಸಕ್ಕರೆ ಇಳಿದಾಗ ನಂಬರ್ ಮತ್ತೆ ಬದಲಾಗುತ್ತದೆ. ಹಾಗಾಗಿ ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಕಳೆಯುವ ತನಕ ಹೊಸ ಗ್ಲಾಸು ಮಾಡಿಸಲೇಬಾರದು. ಹಣ ಹೋದದ್ದಕ್ಕಿಂತ ಚಿಕಿತ್ಸೆ ಇಲ್ಲದೆ ಆ ತಿಂಗಳುಗಳು ಹೋದದ್ದೇ ನನಗೆ ದೊಡ್ಡ ನಷ್ಟ.

ಕೊನೆಗೆ ಊರಿಂದ ಬಂದ ಅಕ್ಕ, "ಎಂತ ಮಾರಾಯ, ಶುಗರ್ ನೋಡಿಸಿದ್ದೀಯಾ?" ಎಂದು ಕೇಳಿದಳು. ನೋಡಿಸಿದರೆ 300 ದಾಟಿತ್ತು. ಕಣ್ಣಿನ ಡಾಕ್ಟರು ಹನಿ ಹಾಕಿ, ಪಾಪೆ ಹಿಗ್ಗಿಸಿ ನೋಡಿದಾಗ ರೆಟಿನಾದಲ್ಲಿ, ಅಂದರೆ ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪರದೆಯಲ್ಲಿ, ಅಲ್ಲಲ್ಲಿ ರಕ್ತದ ಚುಕ್ಕೆ. ನನಗೆ ಒಂದು ಚೂರೂ ಗೊತ್ತಾಗಿರಲಿಲ್ಲ. ಶುರುವಿನಲ್ಲಿ ಸಾಮಾನ್ಯವಾಗಿ ಗೊತ್ತಾಗುವುದೂ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 40ರ ನಂತರ ಲೆನ್ಸ್ ಗಡುಸಾಗಿ ಓದುವ ಕನ್ನಡಕ ಬರುವುದು ಎಲ್ಲರಿಗೂ ಇದ್ದದ್ದೇ ಅಲ್ವಾ? ದೇಹದ ಸುದ್ದಿ ಬೇಕಾದರೆ ರೆಟಿನಾ ನೋಡಿಸಿ. ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಲು ಆಗುವ ಜಾಗ ಅದು. ಅದರ ಫೋಟೊದಿಂದಲೇ ಮನುಷ್ಯನ ವಯಸ್ಸನ್ನು ಸರಾಸರಿ ಮೂರು ಚಿಲ್ಲರೆ ವರ್ಷದ ವ್ಯತ್ಯಾಸದಲ್ಲಿ ಕಂಪ್ಯೂಟರ್ ಊಹಿಸಬಲ್ಲದು ಎಂದು 2018ರಲ್ಲೇ ಗೂಗಲ್‌ನ ಸಂಶೋಧಕರು ತೋರಿಸಿದ್ದಾರೆ. ಆದರೂ ನೀವು ಆ ವಯಸ್ಸಿನ ಲೆಕ್ಕದ ಹಿಂದೆ ಹೋಗಬೇಡಿ. ಸುಮ್ನೆ ತಲೆಬಿಸಿ. ಶುಗರ್, ಬಿಪಿ ನೋಡಿಸಿ. ಕಣ್ಣಿನ ಡಾಕ್ಟರ ಹತ್ತಿರ ರೆಟಿನಾ, ಕಣ್ಣಿನ ಪ್ರೆಶರ್ ಎರಡೂ ನೋಡಿಸಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕು, ಬಿಸಿಲಂತೂ ಕಣ್ಣಿಗೆ ಚುಚ್ಚುತ್ತದೆ. ಸ್ಕೂಟರ್ ತೆಗೆದುಕೊಂಡು ಹೋಗಬೇಡಿ, ಜೊತೆಗೆ ಯಾರಾದರೂ ಇರಲಿ.