ಮನೆ ಪಾರ್ಟಿಗೆ ಡ್ರಾಫ್ಟ್ ಬಿಯರ್: ಕೆಗ್ ಹಿಂದಿನ ದಿನವೇ ಬಂದಿರಲಿ

ಮೂಡಿಗೆರೆ ಹತ್ತಿರದ ತೋಟದ ಮನೆ, ಏಪ್ರಿಲ್‌ನಲ್ಲಿ ಪಾರ್ಟಿ, 25 ಜನ. ಬಾಟಲಿ ಬದಲು ನಲ್ಲಿಯಿಂದ ಬಿಯರ್ ಹಿಡಿದು ಕೊಡಬೇಕು, ಅದಕ್ಕೆ ಯಾವ ಮೆಷಿನ್ ಒಳ್ಳೆಯದು ಅಂತ ಕೇಳಿದ್ದೀರಿ. ಮೆಷಿನ್ ಯಾವುದಾದರೂ ನಡೆಯುತ್ತದೆ. ಕೆಗ್, ಅಂದರೆ ಬಿಯರ್ ತುಂಬಿದ ಲೋಹದ ಪೀಪಾಯಿ, ಮಾತ್ರ ಹಿಂದಿನ ದಿನವೇ ಮನೆಗೆ ಬಂದು, ಅಲುಗಾಡದೆ ಕೂತು, ಒಳಗಿನ ಬಿಯರ್ 3–4 ಡಿಗ್ರಿಗೆ ಇಳಿದಿರಬೇಕು. ಇದೊಂದು ಸರಿ ಇದ್ದರೆ ಮುಕ್ಕಾಲು ಕೆಲಸ ಆದ ಹಾಗೆ.

ನಮ್ಮದು ಆಲ್ದೂರು ಕಡೆ. ಭಾವನ 40ನೇ ಹುಟ್ಟುಹಬ್ಬಕ್ಕೆ ಮೊದಲ ಸಲ ಕೆಗ್ ತರಿಸಿದ್ದೆವು. ಮಧ್ಯಾಹ್ನ ನಾಲ್ಕಕ್ಕೆ ಪಿಕಪ್‌ನಲ್ಲಿ ಬಂತು. ಕೊನೆಯ ಎರಡು ಕಿಲೋಮೀಟರ್ ತೋಟದ ಕಲ್ಲುದಾರಿ, ಹಿಂದೆ ಕೆಗ್ ಕುಣಿದುಕೊಂಡೇ ಬಂದಿದೆ. ಇಳಿಸಿ, ಮೇಲೆ ಎರಡು ಚೀಲ ಐಸ್ ಸುರಿದು, ಏಳಕ್ಕೆ ನಲ್ಲಿ ತಿರುಗಿಸಿದರೆ ಬರೀ ನೊರೆ. ಜಗ್ ತುಂಬಾ ಹಿಡಿದು ಇಟ್ಟರೆ, ಹತ್ತು ನಿಮಿಷ ಬಿಟ್ಟು ತಳದಲ್ಲಿ ಎರಡು ಬೆರಳು ಬಿಯರ್. ಒತ್ತಡ ಜಾಸ್ತಿ ಆಗಿದೆ ಅಂದುಕೊಂಡು, ಸಿಲಿಂಡರಿನಿಂದ ಬರುವ ಗ್ಯಾಸಿನ ಒತ್ತಡ ಹೊಂದಿಸುವ ರೆಗ್ಯುಲೇಟರ್ ಇಳಿಸಿದೆ. ನೊರೆ ಇನ್ನೂ ಹೆಚ್ಚಾಯಿತು. ರಾತ್ರಿ ಹತ್ತೂವರೆಗೆ ಅದೇ ಕೆಗ್, ಅದೇ ನಲ್ಲಿಯಿಂದ ಬಿಯರ್ ಚೆನ್ನಾಗಿ ಬರತೊಡಗಿತು. ಅಷ್ಟರಲ್ಲಿ ಅರ್ಧ ಜನ ಊಟ ಮುಗಿಸಿ ಹೊರಟಿದ್ದರು. ನನಗೆ ಆ ರಾತ್ರಿ ತುಂಬಾ ಬೇಜಾರಾಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾರಣ ಆಮೇಲೆ ತಿಳಿಯಿತು. ಬಿಯರ್ ತಣ್ಣಗಿದ್ದಷ್ಟೂ ಗ್ಯಾಸ್ ಅದರೊಳಗೆ ಕರಗಿ ಸುಮ್ನೆ ಕೂತಿರುತ್ತದೆ. ಬೆಚ್ಚಗಾದರೆ, ಕುಲುಕಿದರೆ ಹೊರಗೆ ಬರಲು ನೋಡುತ್ತದೆ. ಅದನ್ನು ಹಿಡಿದಿಡುವುದೇ ಮೇಲಿನ ಒತ್ತಡ. ನಾನು ಆ ಒತ್ತಡವನ್ನೇ ಇಳಿಸಿದ್ದರಿಂದ ಗ್ಯಾಸ್ ಪೈಪಿನಲ್ಲೇ ಬಿಟ್ಟುಕೊಂಡಿತು.

ಈಗ ತಣ್ಣಗೆ ಮಾಡುವ ವಿಷಯ. 30 ಲೀಟರ್ ಕೆಗ್ ತುಂಬಿದ್ದಾಗ ಸುಮಾರು 40 ಕೆಜಿ ತೂಗುತ್ತದೆ, ಇಬ್ಬರು ಹಿಡಿದು ಇಳಿಸಿ. ಹಳೆಯ ಫ್ರಿಡ್ಜಿನ ತಟ್ಟೆ ತೆಗೆದು ಒಳಗೆ ಕೂರಿಸಲು ಆದರೆ ಒಳ್ಳೆಯದು, ಆದರೆ ಅದಕ್ಕೆ ಪೂರ್ತಿ ಒಂದು ದಿನ ಬೇಕು. ಫ್ರಿಡ್ಜಿನಲ್ಲಿ ಹಿಡಿಯದಿದ್ದರೆ ದೊಡ್ಡ ಡ್ರಮ್. ಬರೀ ಐಸ್ ಸುರಿಯಬೇಡಿ, ಐಸ್ ಜೊತೆ ನೀರೂ ಇರಲಿ. ಐಸ್ ತುಂಡು ಕೆಗ್ಗಿಗೆ ಅಲ್ಲೊಂದು ಇಲ್ಲೊಂದು ಕಡೆ ತಾಗುತ್ತದೆ, ನೀರು ಸುತ್ತಲೂ ತಾಗುತ್ತದೆ. ಲೆಕ್ಕ ಹಾಕಿದರೆ 30 ಲೀಟರ್ ಬಿಯರನ್ನು 20 ಡಿಗ್ರಿಯಿಂದ 4ಕ್ಕೆ ಇಳಿಸಲು 6 ಕೆಜಿ ಐಸ್ ಕರಗಬೇಕು. ಡ್ರಮ್ಮಿನ ನೀರಿಗೆ ಹೆಚ್ಚುಕಡಿಮೆ ಇನ್ನಷ್ಟೇ. ಹೊರಗಿನ ಬಿಸಿಗೆ ಕರಗುವುದನ್ನೂ ಸೇರಿಸಿ 30 ಕೆಜಿ ತನ್ನಿ. ಡ್ರಮ್ ಸುತ್ತ ಎರಡು ಮೂರು ಪದರ ಒಣ ಗೋಣಿಚೀಲ ಸುತ್ತಿ, ಬಾಯಿಗೂ ಒಂದು ಹೊದಿಸಿ. ಮೀನು ಅಂಗಡಿಯ ಐಸ್ ಆದರೂ ಪರವಾಗಿಲ್ಲ, ಆದರೆ ಅದು ಡ್ರಮ್ಮಿಗೆ ಮಾತ್ರ, ಗ್ಲಾಸಿಗೆ ಬೇಡ. ತೋಟದಲ್ಲಿ ಔಷಧಿ ಕಲಸಿದ ನೀಲಿ ಡ್ರಮ್ ಇರುತ್ತದಲ್ಲ, ಅದನ್ನು ಎಷ್ಟು ತೊಳೆದಿದ್ದರೂ ಇದಕ್ಕೆ ಬಳಸಬೇಡಿ.

ಏಪ್ರಿಲ್ ಅಂದಿದ್ದೀರಿ. ಹೂಮಳೆ ತಡವಾಗಿ ಬಂದು ಒಂದು ಗಾಳಿ ಬೀಸಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು, ನಿಮಗೂ ಗೊತ್ತಲ್ವಾ? ಬಿಯರ್ ತಣ್ಣಗೆ ಮಾಡುವ ಕರೆಂಟ್ ಮೆಷಿನ್ ಬಾಡಿಗೆಗೆ ತಂದರೂ ಐಸ್ ಡ್ರಮ್ ಪಕ್ಕದಲ್ಲಿ ತಯಾರಿರಲಿ.

ಇನ್ನು ಸಾಮಾನು. ಕೆಗ್, ಅದರ ತಲೆಗೆ ಕೂತು ಗ್ಯಾಸ್ ಒಳಗೆ ಬಿಟ್ಟು ಬಿಯರ್ ಹೊರಗೆ ತರುವ ಕಪ್ಲರ್, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ರೆಗ್ಯುಲೇಟರ್, ಪೈಪ್, ನಲ್ಲಿ. ಕಪ್ಲರ್‌ನಲ್ಲಿ ಬೇರೆ ಬೇರೆ ನಮೂನೆ ಇದೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಕೆಗ್ ಕೊಡುವವರಿಂದಲೇ ಕಪ್ಲರ್ ತೆಗೆದುಕೊಳ್ಳಿ, ವಾಷರ್ ಹರಿದಿದೆಯಾ ಅಂತ ಅಲ್ಲೇ ನೋಡಿ. ಸಿಲಿಂಡರ್ ಬದಲು ಕೈಪಂಪ್ ಅಗ್ಗ. ಆದರೆ ಅದು ಒಳಗೆ ತಳ್ಳುವುದು ಹೊರಗಿನ ಗಾಳಿಯನ್ನು, ಬಿಯರ್ ಒಂದು ದಿನದಲ್ಲಿ ರುಚಿ ಕೆಡುತ್ತದೆ. ಅದೇ ರಾತ್ರಿ ಖಾಲಿ ಆಗುತ್ತದೆ ಅನ್ನುವುದಾದರೆ ಸಾಕು.

ಪೈಪ್ ಬಗ್ಗೆ ಯಾರೂ ಹೇಳುವುದಿಲ್ಲ. ಒಳಗಿನ ಅಗಲ ಸುಮಾರು 5 ಮಿಲಿಮೀಟರ್, ಉದ್ದ 5–6 ಅಡಿ ಇರಲಿ. ಅಚ್ಚುಕಟ್ಟಾಗಿ ಕಾಣಲಿ ಅಂತ ಎರಡು ಅಡಿಗೆ ಕತ್ತರಿಸಿದರೆ ಬಿಯರ್ ನುಗ್ಗಿ ಬಂದು ನೊರೆ ಆಗುತ್ತದೆ. ಆ ಉದ್ದವೇ ಅದರ ವೇಗ ತಗ್ಗಿಸುವುದು. ಪೈಪನ್ನೂ ಐಸ್ ಪಕ್ಕದಲ್ಲೇ ಸುತ್ತಿಡಿ, ಬಿಸಿಲಿಗೆ ಬಿಡಬೇಡಿ.

ಒತ್ತಡಕ್ಕೆ ಬಂದರೆ, ಸಾಮಾನ್ಯವಾಗಿ 10ರಿಂದ 12 ಪಿಎಸ್‌ಐ (ಒತ್ತಡದ ಅಳತೆ) ಅನ್ನುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ರೆಗ್ಯುಲೇಟರ್ ಮೇಲಿನ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅನ್ನುವುದನ್ನು ಮಾತ್ರ. ಎತ್ತರಕ್ಕೆ ಬಂದಂತೆ ಹೊರಗಿನ ಗಾಳಿಯೇ ತೆಳುವಾಗುತ್ತದೆ, ಹಾಗಾಗಿ ಪ್ರತಿ 2,000 ಅಡಿಗೆ 1 ಪಿಎಸ್‌ಐ ಸೇರಿಸಬೇಕು. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ, ನಿಮ್ಮ ಕಡೆಯೂ ಹೆಚ್ಚು ವ್ಯತ್ಯಾಸ ಇಲ್ಲ. ನಾನು 13ಕ್ಕೆ ಇಡುತ್ತೇನೆ. ಐಸ್ ಪೆಟ್ಟಿಗೆಯೊಳಗೆ ಉದ್ದ ಸುರುಳಿ ಕೊಳವೆ ಇರುವ ಮೆಷಿನ್ ಸಿಕ್ಕರೆ ಲೆಕ್ಕ ಬೇರೆ. ಅಷ್ಟು ಉದ್ದದಲ್ಲಿ ಬಿಯರ್ ದೂಡಲು 25–30 ಪಿಎಸ್‌ಐ ಬೇಕಾಗುತ್ತದೆ.

ಸಿಲಿಂಡರ್ ಸದಾ ನಿಂತೇ ಇರಲಿ, ಕಂಬಕ್ಕೆ ಹಗ್ಗ ಹಾಕಿ ಕಟ್ಟಿ. ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಏಳುವ ಕಡೆ ಗ್ಯಾಸ್ ಸೋರುತ್ತಿದೆ ಅಂತ ಅರ್ಥ. ಈ ಗ್ಯಾಸ್ ಗಾಳಿಗಿಂತ ಭಾರ, ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಜೀವಕ್ಕೆ ಅಪಾಯ. ಜಗಲಿಯಲ್ಲೋ ಕಣದ ಪಕ್ಕದ ಚಪ್ಪರದಲ್ಲೋ ಇಡಿ. ಕಾಫಿ ಚೀಲ ಜೋಡಿಸಿದ ಗೋದಾಮಿನಲ್ಲಿ ಮಾತ್ರ ಬೇಡ.

ಹಿಡಿಯುವಾಗ ನಲ್ಲಿಯನ್ನು ಪೂರ್ತಿ ತೆರೆಯಿರಿ. ನೊರೆಗೆ ಹೆದರಿ ಅರ್ಧ ತೆರೆದರೆ ಸಣ್ಣ ಸಂದಿನಲ್ಲಿ ಬಿಯರ್ ಚಿಮ್ಮಿ ನೊರೆ ಇನ್ನೂ ಜಾಸ್ತಿ ಬರುತ್ತದೆ. ಗ್ಲಾಸು ಓರೆ ಹಿಡಿದು ಶುರು ಮಾಡಿ, ಮುಕ್ಕಾಲು ತುಂಬಿದ ಮೇಲೆ ನೆಟ್ಟಗೆ ಮಾಡಿ. ಮೇಲೆ ಎರಡು ಬೆರಳು ನೊರೆ ಇರಬೇಕು, ಘಮ ಅಲ್ಲೇ ಇರುವುದು. ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡು ನಿಂತರೆ ಜಿಡ್ಡು ಹೋಗಿಲ್ಲ ಅಂತ. ಹುರಿದ ಕೋಳಿ ತಿಂದ ತುಟಿ ತಾಗಿದರೆ ನೊರೆ ಬೇಗ ಇಳಿಯುತ್ತದೆ, ಅದು ಮೆಷಿನ್ ದೋಷ ಅಲ್ಲ.

30 ಲೀಟರಿನಲ್ಲಿ ನೊರೆಗೆ ಹೋಗುವುದು ಬಿಟ್ಟು 300 ಎಂಎಲ್‌ನ 90 ಗ್ಲಾಸ್ ಸಿಗುತ್ತದೆ. 25 ಜನರಲ್ಲಿ ಎಲ್ಲರೂ ಕುಡಿಯುವುದಿಲ್ಲ, ಒಂದೇ ಕೆಗ್ ಸಾಕು. ಆದರೆ ಮನೆಯಲ್ಲಿ ಇಷ್ಟು ಬಿಯರ್ ಇಡಲು ಅನುಮತಿ ಬೇಕು. ಅಬಕಾರಿ ಕಚೇರಿಗೆ ಮೊದಲೇ ಹೋಗಿ ಕಾರ್ಯಕ್ರಮದ ತಾತ್ಕಾಲಿಕ ಲೈಸೆನ್ಸ್ ಕೇಳಿ, ಸಿಎಲ್-5 ಅನ್ನುತ್ತಾರೆ. ಕೈಯಲ್ಲಿ ಆ ಕಾಗದ ಇಲ್ಲದೆ ಕೆಗ್ ಬುಕ್ ಮಾಡಬೇಡಿ. ರಾತ್ರಿ ನಿಮ್ಮ ಕಡೆಯ ತಿರುವು ರಸ್ತೆಯಲ್ಲಿ ಕುಡಿದವರು ಯಾರೂ ಗಾಡಿ ಮುಟ್ಟದ ಹಾಗೆ ಒಂದು ಜೀಪು, ಕುಡಿಯದ ಒಬ್ಬ ಡ್ರೈವರ್ ಗೊತ್ತು ಮಾಡಿ. ಹಾಸಿಗೆ ಜಾಸ್ತಿ ಇದ್ದರೆ ಉಳಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಪಾರ್ಟಿ ಮುಗಿದ ರಾತ್ರಿಯೇ ಪೈಪ್ ತೊಳೆಯಿರಿ, ಬೆಳಿಗ್ಗೆಗೆ ಬಿಟ್ಟರೆ ಹುಳಿ ವಾಸನೆ ಹಿಡಿಯುತ್ತದೆ. ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಒತ್ತಡ ಬಿಟ್ಟು, ಆಮೇಲೆ ಕಪ್ಲರ್ ಬಿಚ್ಚಿ. ಬಚ್ಚಲಿನ ಹಂಡೆಯಲ್ಲಿ ನೀರು ಹೇಗೂ ಕಾದಿರುತ್ತದೆ. ಕೈ ತಡೆಯುವಷ್ಟು ಬಿಸಿ ಇರುವ ನೀರು ಒಂದು ಬಕೆಟ್ ಪೈಪಿನಲ್ಲಿ ಹಾಯಿಸಿ, ನಲ್ಲಿ ಬಿಚ್ಚಿ ಒಳಗೆ ಬ್ರಷ್ ಹಾಕಿ ಉಜ್ಜಿ, ತಲೆಕೆಳಗೆ ನೇತುಹಾಕಿ.